ಪುಟ್ಟ ಅಡಿಗೆಮನೆ, ದೀರ್ಘ ಜೀವನ

ನಮ್ಮ ಸಿದ್ದಾಪುರ ಸೀಮೆಯಲ್ಲಿ ದೊಡ್ಮನೆಯೆಂಬ ಊರಿದೆ. ರಾಮಕೃಷ್ಣ ಹೆಗಡೆಯವರು 1926ರಲ್ಲಿ ಜನಿಸಿದ ಊರೆಂದು ನಾಡಿಗೆಲ್ಲ ಅದರ ಪರಿಚಯವುಂಟು. ಊರಿನ ಹೆಸರೇ ಮನೆಯ ಅಳತೆಯನ್ನು ಹೇಳುತ್ತದೆ. ಸಿರಸಿ, ಸಿದ್ದಾಪುರ, ಯಲ್ಲಾಪುರಗಳ ತೋಟದ ಸೆರಗಿನಲ್ಲಿ ದೊಡ್ಡ ಮನೆಗಳಿಗೆ ಕೊರತೆಯಿಲ್ಲ. ಮನೆ ದೊಡ್ಡದಾದ ಮೇಲೆ ಅಡಿಗೆಮನೆಯೂ ದೊಡ್ಡದೇ. ಅಲ್ಲಿ ಒಲೆಯ ಸಾಲು, ಒರಳು, ನೀರಿನ ಹಂಡೆ, ಮಾಡಿನಿಂದ ಇಳಿಬಿಟ್ಟ ನೆಲವು, ಗೋಡೆಯ ಉದ್ದಕ್ಕೂ ನಾಗಂದಿಗೆ, ಮೇಲೆ ಹೊಗೆಯಿಂದ ಕರಿದಾದ ಅಟ್ಟ. ಒಲೆಯಿಂದ ಬಾವಿಗೆ, ಬಾವಿಯಿಂದ ಉಗ್ರಾಣಕ್ಕೆ, ಉಗ್ರಾಣದಿಂದ ಮರಳಿ ಒಲೆಗೆ ಓಡಾಡುವ ಹೆಂಗಸಿನ ಹೆಜ್ಜೆಗಳನ್ನು ಎಣಿಸಿದವರು ನಮ್ಮಲ್ಲಿ ಯಾರೂ ಇರಲಿಲ್ಲ. ಅದು ಎಣಿಸುವ ಸಂಗತಿಯೆಂದು ಯಾರಿಗೂ ತೋರಿದ್ದೂ ಇಲ್ಲ.

ಆ ಹೆಜ್ಜೆಗಳನ್ನು ಎಣಿಸಿದ ಒಬ್ಬ ಮಹಿಳೆಯ ಚರಿತ್ರೆಯನ್ನು ಇಲ್ಲಿ ಸಂಗ್ರಹಿಸಿ ಹೇಳಬೇಕೆಂದಿದ್ದೇನೆ. ಆಕೆ ಆಸ್ಟ್ರಿಯ ದೇಶದವಳು. ಹೆಸರು ಮಾರ್ಗರೇಟೆ ಶ್ಯೂಟೆ-ಲಿಹೋಟ್ಸ್ಕಿ. ರಾಮಕೃಷ್ಣ ಹೆಗಡೆಯವರು ದೊಡ್ಮನೆಯಲ್ಲಿ ಕಣ್ಣು ತೆರೆದ ವರ್ಷವೇ ಜರ್ಮನಿಯ ಫ್ರಾಂಕ್‌ಫರ್ಟ್ ನಗರದಲ್ಲಿ ಈಕೆಯ ಪುಟ್ಟ ಅಡಿಗೆಮನೆಯೂ ಕಾಗದದ ಮೇಲೆ ಜನ್ಮ ತಾಳಿತು. ಇದು ಕೇವಲ ಕಾಕತಾಳೀಯ. ಆದರೆ ದೊಡ್ಡ ಮನೆಯ ಸೀಮೆಯಲ್ಲಿ ಹುಟ್ಟಿದ ನಮ್ಮ ಮಕ್ಕಳು ಬೆಂಗಳೂರಿನ ಬಹುಮಹಡಿಗಳ ಮನೆಗಳಲ್ಲಿ ಎರಡು ಮಾರು ಅಗಲದ ಅಡಿಗೆಮನೆಯೊಳಗೆ ಬದುಕನ್ನು ಹೊಂದಿಸಿಕೊಳ್ಳುತ್ತಿರುವಾಗ, ಆ ಹೊಂದಾಣಿಕೆಯ ಮೂಲವೆಲ್ಲಿಯದೆಂದು ವಿಚಾರಿಸುವುದು ಅಪ್ರಸ್ತುತವಾಗಲಾರದು.

ಮಾರ್ಗರೇಟೆ ಹುಟ್ಟಿದ್ದು 1897ರ ಜನವರಿ 23ರಂದು, ವಿಯೆನ್ನಾ ನಗರದಲ್ಲಿ. ತಂದೆ ಸರಕಾರಿ ನೌಕರ. ಮಧ್ಯಮವರ್ಗದ ಸುಸಂಸ್ಕೃತ ಕುಟುಂಬ. ಹೆಣ್ಣುಮಗಳು ಚಿತ್ರ ಬರೆಯುವುದಾದರೆ ಬರೆಯಲಿ, ಕಸೂತಿ ಹಾಕುವುದಾದರೆ ಹಾಕಲಿ ಎಂಬ ಕಾಲವದು. ಈಕೆ ಕಲಾಶಾಲೆಯನ್ನು ಸೇರಿದಳು. ಸೇರಿದ ಮೇಲೆ ಚಿತ್ರವನ್ನು ಬಿಟ್ಟು ಮನೆ ಕಟ್ಟುವ ವಿದ್ಯೆಯನ್ನು ಕಲಿಯುವೆನೆಂದು ಹಟ ಹಿಡಿದಳು. ಹೆಣ್ಣು ವಾಸ್ತುಶಿಲ್ಪವನ್ನು ಅಭ್ಯಸಿಸುವುದು ಆಗ ತೀರ ಅಪರೂಪ. ಹಿರಿಯರು ನಕ್ಕರು. ಹೆಂಗಸಿಗೆ ಮನೆ ಕಟ್ಟಲು ಕೊಡುವ ಮೂರ್ಖ ಯಾರಿದ್ದಾನೆಂಬುದು ಅವರ ಸಂದೇಹ. ಆದರೆ ಗುರು ಓಸ್ಕರ್ ಸ್ಟ್ರನಾಡ್ ಬೇರೆ ಬಗೆಯವನು. ಬಡವರಿಗಾಗಿ ಮನೆಯ ನಕ್ಷೆ ಬರೆಯುವ ಮೊದಲು ಬಡವರು ಹೇಗೆ ಬದುಕುತ್ತಾರೆಂಬುದನ್ನು ಹೋಗಿ ನೋಡಿ ಬರಬೇಕೆಂದು ಅವನು ಶಿಷ್ಯೆಗೆ ವಿಧಿಸಿದನು.

ಆಕೆ ಹೋದಳು, ಕಂಡಳು. ವಿಯೆನ್ನಾದ ಕಾರ್ಮಿಕರ ಕೇರಿಗಳಲ್ಲಿ ಒಂದೇ ಕೋಣೆಯಲ್ಲಿ ಇಡಿಯ ಸಂಸಾರ; ಅಲ್ಲಿಯೇ ಅಡಿಗೆ, ಅಲ್ಲಿಯೇ ನಿದ್ರೆ, ಅಲ್ಲಿಯೇ ಹೆರಿಗೆ, ಅಲ್ಲಿಯೇ ಕ್ಷಯರೋಗ. ಆ ದರ್ಶನ ಆಕೆಯ ಜೀವನದ ದಾರಿಯನ್ನು ನಿಶ್ಚಯಿಸಿತು. 1917ರಲ್ಲಿ, ಇನ್ನೂ ವಿದ್ಯಾರ್ಥಿನಿಯಾಗಿರುವಾಗಲೇ, ಕಾರ್ಮಿಕರ ವಸತಿಯ ನಕ್ಷೆಗಾಗಿ ಆಕೆಗೆ ಬಹುಮಾನ ಬಂದಿತು. ಸಿರಿವಂತರ ಬಂಗಲೆಗಳು ಆಕೆಯ ಮನಸ್ಸನ್ನು ಅನಂತರ ಎಂದೂ ಸೆಳೆಯಲಿಲ್ಲ.

ಮೊದಲ ಮಹಾಯುದ್ಧ ಮುಗಿದಾಗ ವಿಯೆನ್ನಾದಲ್ಲಿ ಅನ್ನವೂ ಇರಲಿಲ್ಲ, ವಸತಿಯೂ ಇರಲಿಲ್ಲ. ಜನ ಊರ ಹೊರಗಿನ ಬಯಲುಗಳನ್ನು ಹಿಡಿದು, ಕಾಯಿಪಲ್ಲೆ ಬೆಳೆದು, ತಮ್ಮ ಕೈಯಿಂದಲೇ ಗುಡಿಸಲು ಕಟ್ಟತೊಡಗಿದರು. ಈ ವಸಾಹತುಗಾರರಿಗೆ ನೆರವಾಗಲು ಪ್ರಸಿದ್ಧ ವಾಸ್ತುಶಿಲ್ಪಿ ಅಡಾಲ್ಫ್ ಲೂಸ್ ಮುಂದಾದನು. ಮಾರ್ಗರೇಟೆ ಅವನ ಜೊತೆಗೂಡಿದಳು. ಕಡಿಮೆ ಜಾಗದಲ್ಲಿ, ಕಡಿಮೆ ಹಣದಲ್ಲಿ ಮನುಷ್ಯನು ಮರ್ಯಾದೆಯಿಂದ ಬಾಳಬಹುದೆಂಬ ಪಾಠವನ್ನು ಆಕೆ ಕಲಿತದ್ದು ಇಲ್ಲಿ. ಗೋಡೆಯಲ್ಲೇ ಹುದುಗಿರುವ ಕಪಾಟು, ಒಂದೇ ಅಚ್ಚಿನಲ್ಲಿ ಎರಕ ಹೊಯ್ದು ತಂದು ಜೋಡಿಸಬಹುದಾದ ಅಡಿಗೆಮನೆ, ಇಂಥ ಯೋಚನೆಗಳು ಆಗಲೇ ಆಕೆಯ ತಲೆಯಲ್ಲಿ ಮೊಳೆಯುತ್ತಿದ್ದವು. ನಡುವೆ ಕ್ಷಯರೋಗ ಆಕೆಯನ್ನೂ ಬಿಡಲಿಲ್ಲ; ಕೆಲಕಾಲ ಆರೋಗ್ಯಧಾಮದಲ್ಲಿ ಮಲಗಬೇಕಾಯಿತು. ರೋಗದಿಂದ ಎದ್ದವಳಿಗೆ ಫ್ರಾಂಕ್‌ಫರ್ಟಿನಿಂದ ಕರೆ ಬಂದಿತು.

ಅಲ್ಲಿ ನಗರದ ವಾಸ್ತುಶಿಲ್ಪಾಧಿಕಾರಿಯಾಗಿದ್ದವನು ಎರ್ನ್‌ಸ್ಟ್ ಮೈ. ಐದೇ ವರ್ಷಗಳಲ್ಲಿ ಸಾವಿರಾರು ಮನೆಗಳನ್ನು ಕಟ್ಟಿ ಕಾರ್ಮಿಕರಿಗೂ ಚಿಕ್ಕ ಸಂಬಳದವರಿಗೂ ಬಾಡಿಗೆಗೆ ಕೊಡುವುದು ಅವನ ಸಂಕಲ್ಪ. ಮನೆ ಚಿಕ್ಕದಾದರೆ ಮಾತ್ರ ಬಾಡಿಗೆ ಕೈಗೆಟಕುವುದು. ಮನೆ ಚಿಕ್ಕದಾದರೆ ಅಡಿಗೆಮನೆ ಇನ್ನೂ ಚಿಕ್ಕದು. 1926ರಲ್ಲಿ ಈ ಸಮಸ್ಯೆಯನ್ನು ಬಿಡಿಸುವ ಹೊಣೆ ಇಪ್ಪತ್ತೊಂಬತ್ತು ವರ್ಷದ ಮಾರ್ಗರೇಟೆಯ ಪಾಲಿಗೆ ಬಂದಿತು. ಇಲ್ಲೊಂದು ಸ್ವಾರಸ್ಯವಿದೆ. ಆಕೆಗೆ ಅಡಿಗೆ ಬರುತ್ತಿರಲಿಲ್ಲ. ತಾಯಿ ಮಾಡಿದ್ದನ್ನು ಉಂಡು, ಅನಂತರ ಊಟದ ಮನೆಗಳಲ್ಲಿ ಉಂಡು ಬೆಳೆದವಳು ತಾನೆಂದು ಮುಂದೆ ಆಕೆಯೇ ಹೇಳಿಕೊಂಡಿದ್ದಾಳೆ. ರೂಢಿಯ ಮಂಕು ಕವಿಯದ ಕಣ್ಣಿಗೆ ಎಷ್ಟೋ ಸಲ ಹೆಚ್ಚು ಕಾಣುತ್ತದೆ.

ಅಮೆರಿಕದಲ್ಲಿ ಟೇಲರ್ ಎಂಬಾತ ಕಾರಖಾನೆಗಳಲ್ಲಿ ಗಡಿಯಾರ ಹಿಡಿದು ಕೆಲಸಗಾರನ ಚಲನವಲನಗಳನ್ನು ಅಳೆದಿದ್ದನು. ಕ್ರಿಸ್ಟೀನ್ ಫ್ರೆಡರಿಕ್ ಎಂಬ ಗೃಹಿಣಿ ಅದೇ ವಿಧಾನವನ್ನು ಅಡಿಗೆಮನೆಗೆ ಅನ್ವಯಿಸಿ 1913ರಲ್ಲಿ ಪುಸ್ತಕವೊಂದನ್ನು ಪ್ರಕಟಿಸಿದಳು. ಜರ್ಮನ್ ಭಾಷೆಗೆ ಬಂದಿದ್ದ ಆ ಪುಸ್ತಕವನ್ನು ಮಾರ್ಗರೇಟೆ ಓದಿದ್ದಳು. ಅಷ್ಟಕ್ಕೆ ನಿಲ್ಲದೆ ರೈಲುಗಾಡಿಯ ಊಟದ ಡಬ್ಬಿಯ ಅಡಿಗೆಮನೆಯನ್ನು ಆದರ್ಶವಾಗಿ ಇಟ್ಟುಕೊಂಡಳು. ಓಡುವ ಗಾಡಿಯಲ್ಲಿ, ಕೈ ಚಾಚಿದರೆ ಗೋಡೆ ತಗಲುವಷ್ಟು ಇಕ್ಕಟ್ಟಿನಲ್ಲಿ, ನೂರಾರು ಜನರಿಗೆ ಊಟ ಸಿದ್ಧವಾಗುವುದು ಹೇಗೆ? ಪ್ರತಿಯೊಂದು ಪದಾರ್ಥಕ್ಕೂ ನಿಶ್ಚಿತ ಸ್ಥಾನವಿರುವುದರಿಂದ. ಪ್ರತಿಯೊಂದು ಹಲಗೆಯೂ ಒಂದಕ್ಕಿಂತ ಹೆಚ್ಚು ಕೆಲಸಕ್ಕೆ ಬರುವುದರಿಂದ.

ಹೀಗೆ ರೂಪುಗೊಂಡ ಅಡಿಗೆಮನೆಯ ಅಗಲ 1.9 ಮೀಟರು, ಉದ್ದ ಸುಮಾರು 3.4 ಮೀಟರು. ಅಷ್ಟರೊಳಗೆ ಏನೇನಿತ್ತೆಂಬುದನ್ನು ತುಸು ವಿವರವಾಗಿಯೇ ಹೇಳಬೇಕು. ಕಿಟಕಿಯ ಕೆಳಗೆ ಬೆಳಕು ಬೀಳುವ ಕಡೆ ಕೆಲಸದ ಹಲಗೆ; ಅದರ ಮುಂದೆ ಎತ್ತರ ಬದಲಿಸಬಹುದಾದ ತಿರುಗುವ ಪೀಠ. ನಿಂತು ಮಾಡಬೇಕಾಗಿಲ್ಲದ ಕೆಲಸವನ್ನು ಕುಳಿತು ಮಾಡಬೇಕೆಂಬುದು ಆಕೆಯ ನಿಯಮ. ಹಲಗೆಯಲ್ಲಿ ಕಂಡಿಯೊಂದನ್ನು ಕೊರೆದು ಕೆಳಗೆ ಸೆಳೆಖಾನೆಯಿಟ್ಟಿದ್ದಳು. ತರಕಾರಿಯ ಸಿಪ್ಪೆಯನ್ನು ಕೈಯಿಂದ ಸರಿಸಿದರೆ ಅದರೊಳಗೆ ಬೀಳುವುದು, ತುಂಬಿದಾಗ ಎಳೆದೊಯ್ದು ಚೆಲ್ಲಬಹುದು. ಪಾತ್ರೆ ತೊಳೆಯುವ ತೊಟ್ಟಿಯ ಮೇಲೆ ತಟ್ಟೆಗಳನ್ನು ನಿಲ್ಲಿಸುವ ಜಾಲಂದರ. ನೀರು ತಾನಾಗಿ ಇಳಿದು ತಟ್ಟೆ ತಾನಾಗಿ ಒಣಗುವುದರಿಂದ ಒರೆಸುವ ಕೆಲಸವೇ ಇಲ್ಲ. ಇಸ್ತ್ರಿಯ ಹಲಗೆ ಗೋಡೆಗೆ ಮಡಿಚಿಕೊಂಡಿರುವುದು. ಬೇಕಾದಾಗ ಇಳಿಸಿದರೆ ಅಡಿಗೆಮನೆಯೇ ಇಸ್ತ್ರಿಯ ಕೋಣೆ. ದೀಪವು ಮಾಡಿನ ಕಂಬಿಯ ಮೇಲೆ ಸರಿದು ಕೆಲಸವಿರುವ ಕಡೆಗೆ ಬರುವುದು. ಅಕ್ಕಿ, ಸಕ್ಕರೆ, ಬೇಳೆಗಳಿಗೆ ಹಿಡಿಕೆಯೂ ಮೂತಿಯೂ ಉಳ್ಳ ಅಲ್ಯುಮಿನಿಯಂ ಸೆಳೆಖಾನೆಗಳ ಸಾಲು. ಹೊರಗೆಳೆದು ನೇರವಾಗಿ ಪಾತ್ರೆಗೆ ಸುರಿಯಬಹುದು. ಹಿಟ್ಟಿನ ಸೆಳೆಖಾನೆ ಮಾತ್ರ ಓಕ್ ಮರದ್ದು, ಹುಳು ಹಿಡಿಯದಿರಲೆಂದು. ಹೆಚ್ಚುವ ಹಲಗೆ ಬೀಚ್ ಮರದ್ದು, ಕತ್ತಿಯ ಗಾಯಕ್ಕೂ ಹುಳಿಗೂ ಜಗ್ಗದಿರಲೆಂದು. ನೊಣಗಳು ಕೂರವೆಂಬ ಅಂದಿನ ನಂಬಿಕೆಯಿಂದ ಮರಕ್ಕೆ ನೀಲಿ ಹಸಿರು ಬಣ್ಣ. ಅಡಿಗೆಮನೆಗೂ ಊಟದ ಕೋಣೆಗೂ ನಡುವೆ ಸರಿಯುವ ಬಾಗಿಲು. ಒಲೆಯಿಂದ ಊಟದ ಮೇಜಿಗೆ ಮೂರು ಮೀಟರಿನಷ್ಟೇ ದಾರಿ. ಒಲೆಯ ಮುಂದೆ ನಿಂತ ತಾಯಿಗೆ ಆಚೆಯ ಕೋಣೆಯಲ್ಲಿ ಆಡುವ ಮಗು ಕಾಣಬೇಕೆಂಬ ಎಚ್ಚರವೂ ಅದರಲ್ಲಿತ್ತು.

ಇವನ್ನೆಲ್ಲ ಬಿಡಿಬಿಡಿಯಾಗಿ ಕೊಳ್ಳಬೇಕಾಗಿರಲಿಲ್ಲ. ಮನೆಯೊಡನೆ ಅಡಿಗೆಮನೆಯೂ ಸಿದ್ಧವಾಗಿ ಬರುತ್ತಿತ್ತು. ಅದರ ವೆಚ್ಚ ಬಾಡಿಗೆಯಲ್ಲಿ ಸೇರುತ್ತಿತ್ತು. ಇಂಥ ಸುಮಾರು 10,000 ಅಡಿಗೆಮನೆಗಳು ಫ್ರಾಂಕ್‌ಫರ್ಟಿನ ಹೊಸ ಬಡಾವಣೆಗಳಲ್ಲಿ ತಲೆಯೆತ್ತಿದವು. ಇಂದು ಜಗತ್ತಿನ ಯಾವ ನಗರದಲ್ಲಿಯೇ ಆಗಲಿ, ಗೋಡೆಯಿಂದ ಗೋಡೆಗೆ ಅಂಟಿಸಿದ ಕಪಾಟುಗಳ ಅಡಿಗೆಮನೆಯನ್ನು ಕಂಡರೆ ಅದರ ವಂಶವೃಕ್ಷ ಇಲ್ಲಿಗೆ ಬಂದು ಮುಟ್ಟುತ್ತದೆ.

ಒಂದೇ ವಸ್ತು ಹಲವು ಕೆಲಸಕ್ಕೆ ಒದಗಬೇಕೆಂಬ ಯುಕ್ತಿ ನಮಗೆ ಹೊಸತೇನೂ ಅಲ್ಲ. ನಮ್ಮ ಹೆರೆಮಣೆಯನ್ನು ನೋಡಿ. ಕುಳಿತುಕೊಳ್ಳಲು ಅದು ಪೀಠ; ಕಾಯಿ ಹೆರೆಯಲು ಅದೇ ಉಪಕರಣ; ಹೆರೆಯುವವಳ ಮೈಭಾರವೇ ಅದನ್ನು ಅಲುಗದಂತೆ ಹಿಡಿಯುವ ಬಿಗಿ. ಮೆಟ್ಟುಗತ್ತಿಯದೂ ಅದೇ ತತ್ತ್ವ. ಅಡಿಗೆಮನೆಯ ಕಂಬ ಅಟ್ಟವನ್ನು ಹೊರುವುದಲ್ಲದೆ ಮಜ್ಜಿಗೆಯ ಕಡೆಗೋಲಿಗೂ ಆಸರೆಯಾಗಿತ್ತು. ಒಲೆಯ ಹೊಗೆ ಕಣ್ಣಿಗೆ ಶತ್ರುವಾದರೂ ಅಟ್ಟದ ಮೇಲಿನ ಸರಕಿಗೆ ಮಿತ್ರನಾಗಿತ್ತು. ಹೆಸರಿಲ್ಲದ ನಮ್ಮ ಆಚಾರಿಗಳು ಇದನ್ನೆಲ್ಲ ಬಲ್ಲವರೇ. ಆದರೆ ಅವರು ಉಪಕರಣವನ್ನು ಹದಗೊಳಿಸಿದರು. ಉಪಕರಣದಿಂದ ಉಪಕರಣಕ್ಕೆ ಹೆಣ್ಣು ನಡೆಯುವ ದೂರವನ್ನು ಯೋಚಿಸಲಿಲ್ಲ. ಮಾರ್ಗರೇಟೆ ಯೋಚಿಸಿದ್ದು ಆ ದೂರವನ್ನು.

ಸಿರಸಿಯಲ್ಲಿ ನಾನಿರುವ ಮನೆಯ ಅಡಿಗೆಮನೆ ಎಂಟಡಿಗೆ ಆರಡಿ. ಈ ಚರಿತ್ರೆಯನ್ನು ಓದಿದ ಮೇಲೆ ಬಡಗಿಯೊಬ್ಬರನ್ನು ಕರೆಸಿ ಒಂದೆರಡು ಪ್ರಯೋಗ ಮಾಡಿದೆ. ಹಲಸಿನ ಹಲಗೆಯೊಂದನ್ನು ಬಿಜಾಗರಿಯ ಮೇಲೆ ಗೋಡೆಗೆ ಕೂಡಿಸಿ, ಕೆಳಗೆ ಮಡಿಚಬಹುದಾದ ಎರಡು ಓರೆಗಂಬ ಕೊಡಿಸಿದೆವು. ಎತ್ತಿದರೆ ಊಟದ ಮೇಜು, ಇಳಿಸಿದರೆ ಬರಿಯ ಗೋಡೆ. ಕಟ್ಟೆಯ ಕೆಳಗಿನ ಸೆಳೆಖಾನೆಯ ಮೇಲೆ ಇನ್ನೊಂದು ಹಲಗೆ. ಎಳೆದರೆ ತರಕಾರಿ ಹೆಚ್ಚುವ ಮಣೆ, ತಳ್ಳಿದರೆ ಮಾಯ. ಕೂರುವ ಪೀಠದ ಹೊಟ್ಟೆಯೊಳಗೆ ಬೇಳೆಯ ಡಬ್ಬಿಗಳು. ಕೆಲಸದ ಹಲಗೆ ನಿಂತವರ ಮೊಣಕೈಗಿಂತ ನಾಲ್ಕು ಬೆರಳು ತಗ್ಗಿನಲ್ಲಿರಬೇಕು. ದಿನವೂ ಕೈಗೆ ಬೇಕಾದದ್ದು ಕಣ್ಣಿಗೂ ಸೊಂಟಕ್ಕೂ ನಡುವಿನ ಎತ್ತರದಲ್ಲಿರಬೇಕು. ಹಬ್ಬಕ್ಕೊಮ್ಮೆ ಬೇಕಾದದ್ದು ಮಾತ್ರ ಅಟ್ಟಕ್ಕೆ ಹೋಗಬೇಕು. ಇಷ್ಟನ್ನು ಪಾಲಿಸಿದರೆ ಆರಡಿಯ ಜಾಗವೂ ಸಾಲದೆನ್ನಿಸುವುದಿಲ್ಲ. ಹಲಗೆಯನ್ನು ಎಳೆದುಕೊಂಡು ಮೊದಲು ತರಕಾರಿ ಹೆಚ್ಚಿದವನು ನಾನೇ ಎಂಬುದನ್ನು ಸಂಕೋಚವಿಲ್ಲದೆ ಹೇಳುತ್ತೇನೆ.

ಇನ್ನು ಚರಿತ್ರೆಗೆ ಬರೋಣ. ಅಡಿಗೆಮನೆಯೊಂದಿಗೆ ಮಾರ್ಗರೇಟೆಯ ಕಥೆ ಮುಗಿದಿದ್ದರೆ ಆಕೆ ಕುಶಲಳಾದ ಶಿಲ್ಪಿಯಾಗಿ ಉಳಿಯುತ್ತಿದ್ದಳು, ಅಷ್ಟೆ. 1927ರಲ್ಲಿ ಸಹೋದ್ಯೋಗಿ ವಿಲ್ಹೆಲ್ಮ್ ಶ್ಯೂಟೆಯನ್ನು ವಿವಾಹವಾದಳು. 1930ರಲ್ಲಿ ಎರ್ನ್‌ಸ್ಟ್ ಮೈಯ ತಂಡದೊಡನೆ ಪತಿಪತ್ನಿಯರಿಬ್ಬರೂ ಸೋವಿಯತ್ ದೇಶಕ್ಕೆ ತೆರಳಿದರು. ಮಾಗ್ನಿತೊಗೋರ್ಸ್ಕ್ ಮೊದಲಾದ ಹೊಸ ಕೈಗಾರಿಕಾ ನಗರಗಳು ಅಲ್ಲಿ ಏಳುತ್ತಿದ್ದ ಕಾಲ. ಆಕೆ ಶಿಶುವಿಹಾರಗಳನ್ನೂ ಮಕ್ಕಳ ಪೀಠೋಪಕರಣಗಳನ್ನೂ ರೂಪಿಸಿದಳು. 1937ರ ಹೊತ್ತಿಗೆ ಅಲ್ಲಿಯ ಗಾಳಿ ಬಿಸಿಯಾಗಿತ್ತು. ದೇಶ ಬಿಟ್ಟು ಪ್ಯಾರಿಸಿಗೆ, ಅಲ್ಲಿಂದ 1938ರಲ್ಲಿ ಇಸ್ತಾಂಬುಲಿಗೆ ಹೋದರು. ಹುಟ್ಟಿದೂರಿಗೆ ಮರಳುವಂತಿರಲಿಲ್ಲ, ಏಕೆಂದರೆ ಆ ವರ್ಷವೇ ಹಿಟ್ಲರನು ಆಸ್ಟ್ರಿಯವನ್ನು ನುಂಗಿದ್ದನು.

ಇಸ್ತಾಂಬುಲಿನಲ್ಲಿ ಆಕೆಗೆ ಉದ್ಯೋಗವಿತ್ತು, ಪತಿ ಜೊತೆಯಲ್ಲಿದ್ದನು, ಯುದ್ಧದ ಬೆಂಕಿ ಅಲ್ಲಿಗೆ ತಾಗಿರಲಿಲ್ಲ. ಸುಖವಾಗಿ ಇರಬಹುದಿತ್ತು. ಆದರೆ 1940ರ ಡಿಸೆಂಬರಿನಲ್ಲಿ ಆಕೆ ಸ್ವಂತ ಇಚ್ಛೆಯಿಂದ ವಿಯೆನ್ನಾಕ್ಕೆ ಹೊರಟಳು. ಹಿಟ್ಲರನ ವಿರುದ್ಧ ಗುಪ್ತವಾಗಿ ದುಡಿಯುತ್ತಿದ್ದ ಆಸ್ಟ್ರಿಯದ ಕಮ್ಯೂನಿಸ್ಟರಿಗೂ ಹೊರಗಿನ ಗೆಳೆಯರಿಗೂ ನಡುವೆ ಸಂಪರ್ಕ ಕಲ್ಪಿಸುವುದು ಆಕೆ ವಹಿಸಿಕೊಂಡ ಕಾರ್ಯ. ಕೆಲವು ವಾರಗಳಷ್ಟೇ ಕಳೆದಿದ್ದವು. 1941ರ ಜನವರಿ 22ರಂದು, ನಾಲ್ವತ್ತನಾಲ್ಕನೆಯ ಹುಟ್ಟುಹಬ್ಬದ ಮುನ್ನಾದಿನ, ಗುಪ್ತ ಪೋಲೀಸರು ಆಕೆಯನ್ನು ಬಂಧಿಸಿದರು. ಜೊತೆಯವರಲ್ಲಿ ಹಲವರ ತಲೆ ಹೋಯಿತು. ಇಸ್ತಾಂಬುಲಿನಲ್ಲಿ ಆಕೆಯನ್ನು ಈ ದಾರಿಗೆ ತಂದ ಗೆಳೆಯ, ವಾಸ್ತುಶಿಲ್ಪಿ ಹರ್ಬರ್ಟ್ ಐಖ್‌ಹೋಲ್ಟ್ಸರ್, 1943ರಲ್ಲಿ ಮರಣದಂಡನೆಗೆ ಗುರಿಯಾದನು. ಆಕೆಗೂ ಅದೇ ವಿಧಿ ಕಾದಿದೆಯೆಂದು ತೋರಿತ್ತು. ಕೊನೆಗೆ ಹದಿನೈದು ವರ್ಷಗಳ ಸೆರೆವಾಸ ಗೊತ್ತಾಯಿತು. ಬವೇರಿಯದ ಐಖಾಖ್ ಕಾರಾಗೃಹದಲ್ಲಿ ಆಕೆ ದಿನಗಳನ್ನು ಕಳೆದಳು. 1945ರ ಏಪ್ರಿಲ್ 29ರಂದು ಅಮೆರಿಕದ ಸೈನಿಕರು ಬಾಗಿಲು ತೆರೆದರು.

ಅಡಿಗೆಮನೆಯಿಂದ ಸೆರೆಮನೆಗೆ ಹೋಗುವ ಹಾದಿ ನಮ್ಮ ಸೀಮೆಗೆ ಅಪರಿಚಿತವಲ್ಲ. ಕರನಿರಾಕರಣೆಯ ಚಳವಳಿಯಲ್ಲಿ ಸಿದ್ದಾಪುರ, ಅಂಕೋಲೆಗಳ ರೈತಮನೆಗಳು ಜಪ್ತಿಯಾದಾಗ ಒಲೆಯ ಮುಂದಿನಿಂದ ಎದ್ದು ಬಂದ ಹೆಂಗಸರೂ ಸತ್ಯಾಗ್ರಹ ಮಾಡಿದರು, ಸೆರೆಮನೆ ಕಂಡರು. ಅವರಲ್ಲಿ ಹೆಚ್ಚಿನವರು ಬಿಡುಗಡೆಯಾದ ಮರುದಿನವೇ ಅದೇ ಒಲೆಯ ಮುಂದೆ ಕುಳಿತರು. ಅವರ ಧೈರ್ಯವನ್ನು ಮೆಚ್ಚಿದ ಊರು ಅವರ ಹೆಜ್ಜೆಗಳನ್ನು ಕಡಿಮೆ ಮಾಡುವ ಯೋಚನೆಯನ್ನು ಮಾಡಲಿಲ್ಲ.

ಯುದ್ಧಾನಂತರ ಮಾರ್ಗರೇಟೆಗೆ ಸ್ವದೇಶದಿಂದ ಸಂದ ಪುರಸ್ಕಾರವೂ ವಿಚಿತ್ರವೇ. ಬಲ್ಗೇರಿಯದ ಸೋಫಿಯಾದಲ್ಲಿ ಕೆಲಕಾಲವಿದ್ದು 1947ರಲ್ಲಿ ವಿಯೆನ್ನಾಕ್ಕೆ ಬಂದಳು. ಕೆಡವಿದ ನಗರವನ್ನು ಮತ್ತೆ ಕಟ್ಟಬೇಕಾಗಿದ್ದ ಕಾಲ, ಕಟ್ಟಬಲ್ಲವಳು ಎದುರಿಗಿದ್ದಳು. ಆದರೆ ಕಮ್ಯೂನಿಸ್ಟಳೆಂಬ ಕಾರಣದಿಂದ ಸರಕಾರದ ಕೆಲಸಗಳು ಆಕೆಯ ಬಳಿ ಸುಳಿಯಲಿಲ್ಲ. ಎರಡು ಶಿಶುವಿಹಾರಗಳು, ಕೆಲವು ವಸತಿಗಳು, ಅಷ್ಟೇ ದಕ್ಕಿದ್ದು. ಪತಿಯಿಂದಲೂ 1951ರಲ್ಲಿ ಬೇರಾದಳು. ಚೀನ, ಕ್ಯೂಬಾ, ಪೂರ್ವ ಜರ್ಮನಿಗಳು ಆಕೆಯ ಸಲಹೆಯನ್ನು ಬಯಸಿದವು, ತವರೂರು ಸುಮ್ಮನಿತ್ತು. 1980ರಲ್ಲಿ ವಿಯೆನ್ನಾ ನಗರ ಆಕೆಗೆ ವಾಸ್ತುಶಿಲ್ಪದ ಪ್ರಶಸ್ತಿಯನ್ನಿತ್ತಾಗ ಆಕೆಗೆ ಎಂಬತ್ತಮೂರು ವರ್ಷ. 1985ರಲ್ಲಿ ಪ್ರತಿರೋಧದ ದಿನಗಳ ಸ್ಮೃತಿಯನ್ನು ಗ್ರಂಥರೂಪದಲ್ಲಿ ಪ್ರಕಟಿಸಿದಳು. 1988ರಲ್ಲಿ ರಾಷ್ಟ್ರದ ಗೌರವವೊಂದು ಬಂದಾಗ ಅದನ್ನು ನೀಡಬೇಕಾಗಿದ್ದ ಅಧ್ಯಕ್ಷ ಕುರ್ಟ್ ವಾಲ್ಡ್‌ಹೈಮನ ಯುದ್ಧಕಾಲದ ಪೂರ್ವಚರಿತ್ರೆಯನ್ನು ನೆನೆದು, ಬೇಡವೆಂದು ತಿರುಗಿಸಿದಳು. ನಾಲ್ಕು ವರ್ಷಗಳ ಅನಂತರವೇ ಅದನ್ನು ಸ್ವೀಕರಿಸಿದ್ದು. ನೂರನೆಯ ಹುಟ್ಟುಹಬ್ಬದಂದು ನಗರಾಧ್ಯಕ್ಷನೊಡನೆ ವಾಲ್ಟ್ಸ್ ನರ್ತನ ಮಾಡಿದಳು. 2000ದ ಜನವರಿ 18ರಂದು, ನೂರ ಮೂರು ತುಂಬಲು ಐದು ದಿನಗಳಿರುವಾಗ, ವಿಯೆನ್ನಾದಲ್ಲಿಯೇ ಕಣ್ಣು ಮುಚ್ಚಿದಳು. ಆಕೆ ಹೋಗಿ ಕಾಲು ಶತಮಾನವಾಯಿತು. ಅಡಿಗೆಮನೆ ಮಾತ್ರ ಉಳಿದಿದೆ. ನ್ಯೂಯಾರ್ಕಿನ ಆಧುನಿಕ ಕಲಾಸಂಗ್ರಹಾಲಯ ಫ್ರಾಂಕ್‌ಫರ್ಟಿನ ಮನೆಯೊಂದರಿಂದ ಕಳಚಿ ತಂದದ್ದನ್ನು ಕಾಪಾಡಿಕೊಂಡಿದೆ. ಇಡೀ ಬಾಳನ್ನು ಬಿಟ್ಟು ಒಂದು ಅಡಿಗೆಮನೆಯಿಂದಲೇ ತನ್ನನ್ನು ಗುರುತಿಸುವ ಲೋಕದ ಮೇಲೆ ಆಕೆಗೆ ಕೊನೆಕೊನೆಗೆ ಬೇಸರ ಬಂದಿತ್ತಂತೆ. ಬರುವುದು ಸಹಜ.

ಆ ಅಡಿಗೆಮನೆಗೆ ಆಕ್ಷೇಪಣೆಗಳೂ ಬಾರದೆ ಇರಲಿಲ್ಲ. 1970ರ ದಶಕದ ಸ್ತ್ರೀವಾದಿಗಳು ಅದನ್ನು ಕಟುವಾಗಿ ಖಂಡಿಸಿದರು. ಒಬ್ಬಳೇ ನಿಲ್ಲುವಷ್ಟು ಜಾಗ ಮಾಡಿದರೆ ಕೆಲಸವೆಲ್ಲ ಒಬ್ಬಳದೇ ಆಗುವುದು. ಎರಡನೆಯವರು ಕೈ ನೀಡಲು ಬಂದರೂ ಮೈ ತಗಲುವುದು. ಹೆಣ್ಣನ್ನು ಬಿಡಿಸುತ್ತೇನೆಂದು ಹೊರಟವಳು ಅವಳನ್ನು ಒಂಟಿಯಾಗಿ ಒಂದು ಪೆಟ್ಟಿಗೆಯೊಳಗೆ ಕೂಡಿಹಾಕಿದಳೆಂಬುದು ಅವರ ವಾದ. ಈ ವಾದವನ್ನು ನಾನು ಹಗುರವಾಗಿ ತಳ್ಳಿಹಾಕಲಾರೆ. ಊರಿನ ದೊಡ್ಡ ಅಡಿಗೆಮನೆಯಲ್ಲಿ ಅತ್ತೆ, ಸೊಸೆ, ಅತ್ತಿಗೆ, ನಾದಿನಿಯರ ಮಾತಿತ್ತು, ನಗೆಯಿತ್ತು, ಹಾಡಿತ್ತು. ಅಲ್ಲಿಂದ ಎದ್ದು ಮಗನ ಮನೆಗೆಂದು ಬೆಂಗಳೂರಿಗೆ ಹೋದ ಮುದುಕಿಯರು ಗೋಡೆಗೆ ಮುಖ ಮಾಡಿ ದೋಸೆ ಹೊಯ್ಯುವುದನ್ನು ನಾನು ಕಂಡಿದ್ದೇನೆ. ಅವರಿಗೆ ಎಲ್ಲವೂ ಕೈಗೆಟಕುತ್ತದೆ, ಮಾತಿಗೆ ಸಿಗುವವರಿಲ್ಲ.

ಆದರೂ ದೊಡ್ಡ ಅಡಿಗೆಮನೆಯ ಸೊಗಸನ್ನು ವರ್ಣಿಸುವವರು ಹೆಚ್ಚಾಗಿ ಅದರಲ್ಲಿ ಉಂಡವರೇ ಹೊರತು ಬೇಯಿಸಿದವರಲ್ಲ. ನನ್ನ ತಾಯಿಗೆ ಓದಲು ಚೆನ್ನಾಗಿ ಬರುತ್ತಿತ್ತು. ನಾನು ಎಂ. ಎ. ತರಗತಿಯಲ್ಲಿದ್ದಾಗ ಮನೆಗೆ ತಂದ ಪುಸ್ತಕಗಳನ್ನು ಆಕೆ ಕೈಗೆತ್ತಿಕೊಂಡು ಎರಡು ಪುಟ ತಿರುವಿ ಕೆಳಗಿಡುತ್ತಿದ್ದಳು. ಆಸಕ್ತಿಯ ಕೊರತೆಯಲ್ಲ, ಒಲೆ ಕರೆಯುತ್ತಿತ್ತು. ನನ್ನ ತರಗತಿಯ ಹುಡುಗಿಯರಲ್ಲಿ ಬೆಳಗಿನ ಜಾವ ಎದ್ದು, ಮನೆಯ ಕೆಲಸ ಮುಗಿಸಿ, ಬಸ್ಸು ಹಿಡಿದು ಬರುವವರು ಇಂದಿಗೂ ಇದ್ದಾರೆ. ಅವರಿಗೆ ಉಳಿಯುವ ಅರ್ಧ ಗಂಟೆಯ ಬೆಲೆ ಎಷ್ಟೆಂಬುದು ಅಧ್ಯಾಪಕನಾದ ನನಗೆ ಪರೀಕ್ಷೆಯ ಉತ್ತರಪತ್ರಿಕೆಗಳಲ್ಲಿ ಕಾಣುತ್ತದೆ.

ಮಾರ್ಗರೇಟೆ ಹೆಜ್ಜೆಗಳನ್ನು ಎಣಿಸಿದ್ದು ಈ ಅರ್ಧ ಗಂಟೆಗಾಗಿ. ಹೊರಗೆ ದುಡಿದು ಬಂದ ಹೆಣ್ಣಿಗೆ ಮನೆಯಲ್ಲಿ ಮತ್ತೊಂದು ದುಡಿಮೆ ಕಾದಿರುವುದನ್ನು ಆಕೆ ಕಂಡಿದ್ದಳು. ಅದನ್ನು ಕುಗ್ಗಿಸುವುದು ತನ್ನ ಶಿಲ್ಪದ ಕರ್ತವ್ಯವೆಂದು ತಿಳಿದಿದ್ದಳು. ಉಳಿದ ಹೊತ್ತನ್ನು ಆ ಹೆಣ್ಣು ಏನು ಮಾಡಬೇಕೆಂದು ಆಕೆ ವಿಧಿಸಲಿಲ್ಲ. ಓದಲಿ, ಮಲಗಲಿ, ಮಗುವಿನೊಡನೆ ಆಡಲಿ, ಸಭೆಗೆ ಹೋಗಲಿ. ಕೆಲಸವನ್ನು ಹಂಚಿಕೊಳ್ಳುವ ಹೊಣೆ ಮಾತ್ರ ಯಾವ ಹಲಗೆಯಿಂದಲೂ, ಯಾವ ಬಿಜಾಗರಿಯಿಂದಲೂ ಆಗುವುದಲ್ಲ. ಅದು ಮನೆಯವರು ಮಾಡಬೇಕಾದದ್ದು. ಇಂದು ಮನೆ ಕಟ್ಟಿಸುವವರು ಬಡಗಿಯನ್ನು ಕರೆಸಿದಾಗ ಅಡಿಗೆಮನೆಯ ಅಳತೆಯನ್ನು ಹೇಳುವುದಕ್ಕೆ ಮೊದಲು ಅಲ್ಲಿ ನಿಲ್ಲುವವರು ಯಾರು, ಎಷ್ಟು ಹೊತ್ತು, ಎಷ್ಟು ಜನ ಎಂದು ತಮ್ಮ ಮನೆಯಲ್ಲಿಯೇ ಒಮ್ಮೆ ಕೇಳಿಕೊಂಡರೆ, ಈ ವಿಯೆನ್ನಾದ ಹೆಣ್ಣುಮಗಳ ನೂರ ಮೂರು ವರ್ಷಗಳಿಗೆ ನಮ್ಮ ಸೀಮೆಯಿಂದಲೂ ಒಂದು ಗೌರವ ಸಂದಂತಾಗುತ್ತದೆ.